ತವರಿಗೆ ಹೋಗುವ ಕಾಗದ

ಹೋದ ಸಂಚಿಕೆಯಲ್ಲಿ, ಈ ತಿಂಗಳು ಅಧಿಕಮಾಸದ ಲೆಕ್ಕವನ್ನು ಕುರಿತು ಬರೆಯುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆನು. ಆ ಮಾತನ್ನು ಮುಂದಿನ ತಿಂಗಳಿಗೆ ನೂಕುತ್ತಿರುವುದಕ್ಕಾಗಿ ಕ್ಷಮೆ ಬೇಡುತ್ತೇನೆ. ಅಧಿಕಮಾಸವು ಎಲ್ಲಿಗೂ ಓಡಿಹೋಗದು. ಆದರೆ ಬೆಂಗಳೂರಿನಿಂದ ಸೋದರಿಯೊಬ್ಬರು ಬರೆದ ಎರಡು ಕಾಗದಗಳು ನನ್ನ ಮೇಜಿನ ಮೇಲೆ ಕುಳಿತು ಉತ್ತರ ಕೇಳುತ್ತಿವೆ.

ಮೊದಲನೆಯ ಕಾಗದದ ಸಾರಾಂಶವಿಷ್ಟು. ಅವರ ಬೀದಿಯ ಹೊಸದೊಂದು ಮನೆಗೆ ಹನ್ನೆರಡು ಹದಿಮೂರು ವರ್ಷದ ಹುಡುಗಿಯೊಬ್ಬಳನ್ನು ಕೆಲಸಕ್ಕೆಂದು ತಂದಿಟ್ಟಿದ್ದರು. ಬೆಳಗಿನ ಜಾವ ಅಂಗಳ ಗುಡಿಸುವವಳೂ ಅವಳೇ, ರಾತ್ರಿ ಹತ್ತರ ಮೇಲೆ ಪಾತ್ರೆ ತೊಳೆಯುವವಳೂ ಅವಳೇ. ಶಾಲೆಯ ಮಾತಿಲ್ಲ. ಕನ್ನಡ ಬಾರದು, ತಮಿಳು ತೆಲುಗು ಬಾರದು. ಬೀದಿಯನ್ನು ರಾತ್ರಿ ಕಾಯುವ ನೇಪಾಳೀ ಗೂರ್ಖನು ಒಂದು ದಿನ ಅವಳೊಡನೆ ಮಾತನಾಡಿ, "ಇವಳು ನಮ್ಮ ದೇಶದವಳು, ಗುಡ್ಡದ ಕಡೆಯವಳು" ಎಂದು ಹೇಳಿದನಂತೆ. "ನೆರೆಮನೆಯ ವಿಷಯದಲ್ಲಿ ನಾವು ಕೈ ಹಾಕಬಹುದೇ?" ಎಂಬುದು ಆ ಸೋದರಿಯ ಪ್ರಶ್ನೆ.

ಟಪಾಲನ್ನು ಕಾಯದೆ ನಾನು ದೂರವಾಣಿಯಲ್ಲಿಯೇ ಉತ್ತರ ಹೇಳಿದೆನು. ಹದಿನಾಲ್ಕು ತುಂಬದ ಮಗುವನ್ನು ಮನೆಗೆಲಸಕ್ಕಾಗಲಿ ಬೇರೆ ಯಾವ ಕೆಲಸಕ್ಕಾಗಲಿ ಇಟ್ಟುಕೊಳ್ಳಕೂಡದೆಂದು ೨೦೧೬ರಲ್ಲಿ ತಿದ್ದಿದ ಕಾಯಿದೆಯು ಸ್ಪಷ್ಟವಾಗಿ ವಿಧಿಸಿರುವುದು. ೧೦೯೮ ಎಂಬ ಸಂಖ್ಯೆಗೆ ಕರೆ ಮಾಡಿದರೆ ಸಾಕು. ಕರೆದವರ ಹೆಸರು ಹೊರಬೀಳುವುದಿಲ್ಲ. ಅವರು ಹಾಗೆಯೇ ಮಾಡಿದರು. ಎರಡು ದಿನಗಳೊಳಗೆ ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ, ಒಂದು ಬಾಲಿಕಾಮಂದಿರಕ್ಕೆ ಸೇರಿಸಲಾಯಿತು.

ಇಷ್ಟಾದ ಮೇಲೆ ಬಂದುದು ಎರಡನೆಯ ಕಾಗದ. ಅದರಲ್ಲಿ ಕೋಪವೂ ಇತ್ತು, ಕಣ್ಣೀರೂ ಇತ್ತು. "ನಾಲ್ಕು ತಿಂಗಳಾಯಿತು. ಹುಡುಗಿ ಇನ್ನೂ ಇಲ್ಲಿಯೇ ಇದ್ದಾಳೆ. ನೇಪಾಳಕ್ಕೆ ಹೋಗಲು ರಹದಾರಿ ಬೇಡವೆನ್ನುತ್ತಾರೆ. ರೈಲು ಹತ್ತಿ ನಡೆದು ಗಡಿ ದಾಟಿದರಾಯಿತಂತೆ. ಹಾಗಿರಲು ಎರಡು ಸರ್ಕಾರಗಳು ಕೂಡಿ ಒಂದು ಮಗುವನ್ನು ಮನೆಗೆ ತಲುಪಿಸಲಾರವೇ?"

ಈ ಪ್ರಶ್ನೆಯು ಚಿಕ್ಕದೆಂದು ಮೊದಲು ನನಗೆ ತೋರಿತು. ಉತ್ತರವನ್ನು ಹುಡುಕಹೊರಟ ಮೇಲೆ ಅದರ ಬೇರು ಎಷ್ಟು ದೂರ ಹೋಗಿರುವುದೆಂಬುದು ತಿಳಿಯಿತು.

ಮನುಷ್ಯರನ್ನು ಮಾರುವ ಪಾಪವು ಹೊಸದಲ್ಲ. ಹರಿಶ್ಚಂದ್ರನು ಕಾಶಿಯ ಪೇಟೆಯಲ್ಲಿ ಹೆಂಡತಿಯನ್ನು ಮಾರಿದ ಕಥೆಯನ್ನು ಕೇಳಿ ಕಣ್ಣೊರಸಿಕೊಳ್ಳದ ಕನ್ನಡದ ಅಜ್ಜಿಯುಂಟೇ? ನಮ್ಮವರು ಅದಕ್ಕೆ ದಂಡವನ್ನೂ ವಿಧಿಸಿದ್ದರು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಮರಳಿ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದೊಳಗೆ, ದಾಸರನ್ನೂ ಕೂಲಿಯವರನ್ನೂ ಕುರಿತ ಪ್ರಕರಣವೊಂದುಂಟು. ಪ್ರಾಯಕ್ಕೆ ಬಾರದ ಮಗುವನ್ನು ಸ್ವಜನರೇ ಮಾರಿದರೆ ಹನ್ನೆರಡು ಪಣಗಳಿಂದ ನಲವತ್ತೆಂಟು ಪಣಗಳ ವರೆಗೆ ದಂಡ. ಹೊರಗಿನವರು ಮಾರಿದರೆ ದಂಡವು ಏರುತ್ತ ಹೋಗಿ ವಧೆಯಲ್ಲಿ ಮುಗಿಯುವುದು. ಮಾರಿದವನಿಗೆ ಮಾತ್ರವಲ್ಲ, ಕೊಂಡವನಿಗೂ ಸಾಕ್ಷಿಯಾಗಿ ನಿಂತವನಿಗೂ ಅದೇ ಶಿಕ್ಷೆ. ವಿದ್ಯಾರ್ಥಿದೆಸೆಯಲ್ಲಿ ಇದನ್ನು ಓದಿ ನಾನು ಹಿಗ್ಗಿದ್ದೆನು. ವಯಸ್ಸಾದ ಮೇಲೆ ಮತ್ತೆ ಓದುವಾಗ ಎರಡು ಸಂಗತಿಗಳು ಕಣ್ಣಿಗೆ ಕುಟುಕಿದವು. ಒಂದು, ಮಗುವಿನ ಜಾತಿ ಏರಿದಂತೆ ದಂಡವೂ ಏರುವುದು. ಇನ್ನೊಂದು, ಮ್ಲೇಚ್ಛರು ತಮ್ಮ ಮಕ್ಕಳನ್ನು ಮಾರಿದರೆ ದೋಷವಿಲ್ಲವೆಂದು ಅಲ್ಲಿಯೇ ಹೇಳಿರುವುದು. ಅಂದರೆ ಆ ಕರುಣೆಗೆ ಒಂದು ಎಲ್ಲೆಯಿತ್ತು. ಎಲ್ಲೆಯ ಆಚೆಗಿನ ಮಗುವು ಕಾಯಿದೆಯ ಲೆಕ್ಕದಲ್ಲಿ ಮಗುವೇ ಅಲ್ಲ. ಎರಡು ಸಾವಿರ ವರ್ಷಗಳ ಮೇಲೆಯೂ ಸರ್ಕಾರಗಳ ಕರುಣೆಯು ಗಡಿಗಲ್ಲಿನ ಬಳಿ ಬಂದು ನಿಲ್ಲುವ ಅಭ್ಯಾಸವನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಮಾರುವವನಿಗಾದರೋ ಗಡಿಯೆಂಬುದು ಬಂಡವಾಳ. ಅದನ್ನು ದಾಟಿದೊಡನೆ ಅವನ ಸರಕಿಗೆ ಭಾಷೆಯಿಲ್ಲ, ಬಂಧುವಿಲ್ಲ, ಕೇಳುವವರಿಲ್ಲ.

ಇನ್ನು ನೆರೆಹೊರೆಯ ಸರ್ಕಾರಗಳು ಕೂಡಿಕೊಂಡ ಕಥೆಗೆ ಬರುವೆನು. ಅದರ ಒಂದು ಅಧ್ಯಾಯವು ನಮ್ಮ ಬೆಂಗಳೂರಿನಲ್ಲಿಯೇ ನಡೆದುದು. ಭಾರತ, ನೇಪಾಳ, ಭೂತಾನ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್ ಎಂಬ ಏಳು ದೇಶಗಳು ೧೯೮೫ರ ಡಿಸೆಂಬರಿನಲ್ಲಿ ಢಾಕಾದಲ್ಲಿ ಸೇರಿ ಒಂದು ಸಹಕಾರ ಸಂಘವನ್ನು ಕಟ್ಟಿದವು. ಪತ್ರಿಕೆಗಳಲ್ಲಿ ಸಾರ್ಕ್ ಎಂದು ಕಾಣುವುದು ಅದೇ. ಅದರ ಎರಡನೆಯ ಮಹಾಸಭೆಯು ೧೯೮೬ರ ನವೆಂಬರ್ ೧೬ ಮತ್ತು ೧೭ರಂದು ಬೆಂಗಳೂರಿನಲ್ಲಿ ಕೂಡಿತು. ಆಗ ನಾನು ಅಲ್ಲಿ ಸಂಸ್ಕೃತ ವ್ಯಾಸಂಗ ಮಾಡುತ್ತಿದ್ದ ಬಡ ವಿದ್ಯಾರ್ಥಿ. ರಸ್ತೆಗಳಿಗೆ ಸುಣ್ಣ ಬಣ್ಣವಾದುದೂ, ಏಳು ಬಾವುಟಗಳ ಕೆಳಗೆ ನಿಂತು ನೇಪಾಳದ ಬಾವುಟವು ಮಾತ್ರ ಏಕೆ ಎರಡು ಮೂಲೆಯದೆಂದು ನಾವು ವಾದಿಸಿದುದೂ ನೆನಪಿದೆ. ಸಂಘದ ಕಾರ್ಯಾಲಯವನ್ನು ಕಾಠ್ಮಂಡುವಿನಲ್ಲಿ ತೆರೆಯತಕ್ಕದ್ದೆಂಬ ಪತ್ರಕ್ಕೆ ರುಜು ಬಿದ್ದುದು ಆ ಸಭೆಯಲ್ಲಿಯೇ. ಆದರೆ ಸಂಘದ ಸನ್ನದಿನಲ್ಲಿ ಒಂದು ಕಟ್ಟಳೆಯಿತ್ತು: ಎರಡೇ ದೇಶಗಳಿಗೆ ಸಂಬಂಧಿಸಿದ, ಜಗಳಕ್ಕೆ ಎಡೆಗೊಡುವ ಸಂಗತಿಗಳನ್ನು ಇಲ್ಲಿ ಎತ್ತಕೂಡದು. ಹುಡುಗಿಯರ ಮಾರಾಟವೆಂದರೆ ಸ್ವಭಾವತಃ ಎರಡು ದೇಶಗಳ ಸಂಗತಿ. ಒಂದು ಮನೆ ಕಳೆದುಕೊಳ್ಳುವುದು, ಇನ್ನೊಂದು ಮನೆ ಕೊಳ್ಳುವುದು. ಕೊಳ್ಳುವ ಮನೆಯು ಬಹುಪಾಲು ನಮ್ಮದೇ ಎಂಬುದನ್ನು ಒಪ್ಪಿಕೊಳ್ಳಲು ನಮಗೆ ನಾಚಿಕೆ. ಹೀಗಾಗಿ ಬಹುಕಾಲ ಆ ಮಾತು ಸಭೆಯ ಚಾಪೆಯ ಕೆಳಗೇ ಉಳಿಯಿತು.

ಅದನ್ನು ಚಾಪೆಯ ಮೇಲಕ್ಕೆ ತಂದುದು ಮುಂಬಯಿ. ೧೯೯೬ರ ಫೆಬ್ರವರಿಯಲ್ಲಿ ಪೋಲೀಸರು ಕಾಮಾಠಿಪುರದ ಮನೆಗಳ ಮೇಲೆ ದಾಳಿ ಮಾಡಿ ಸುಮಾರು ೫೦೦ ಮಂದಿ ಹೆಣ್ಣುಮಕ್ಕಳನ್ನು ಬಿಡಿಸಿದರು. ಅವರಲ್ಲಿ ೨೦೦ಕ್ಕೆ ಮೇಲ್ಪಟ್ಟವರು ನೇಪಾಳದವರು. ಅನೇಕರು ಇನ್ನೂ ಮಕ್ಕಳು. ಬಿಡಿಸಿದುದೇನೋ ಆಯಿತು. ಆಮೇಲೆ ಎಲ್ಲಿಗೆ? ನೇಪಾಳದ ಅಂದಿನ ಸರ್ಕಾರವು ಅವರನ್ನು ಬರಮಾಡಿಕೊಳ್ಳಲು ಹಿಂಜರಿಯಿತು. ನಾಗರಿಕತ್ವದ ಕಾಗದವೆಲ್ಲಿ, ಇವರು ನಮ್ಮವರೆಂಬುದಕ್ಕೆ ಗುರುತೇನು ಎಂಬುದೊಂದು ಮಾತು. ರೋಗವನ್ನು ಹೊತ್ತು ತರುವರೆಂಬ ಭೀತಿ ಇನ್ನೊಂದು. ಹದಿನಾರು ವರ್ಷ ತುಂಬದವರಿಗೆ ನಾಗರಿಕತ್ವಪತ್ರವನ್ನೇ ಕೊಡದ ದೇಶದಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ ಮಾರಿಹೋದವಳು ಆ ಪತ್ರವನ್ನು ಎಲ್ಲಿಂದ ತಂದಾಳು? ತಿಂಗಳುಗಟ್ಟಲೆ ಆ ಹುಡುಗಿಯರು ಮುಂಬಯಿಯ ಆಶ್ರಯಧಾಮಗಳಲ್ಲಿ, ಕೂಡಿಹಾಕಿದಂತೆ, ಕಾದರು. ಕೊನೆಗೆ ನೇಪಾಳದ ಕೆಲವು ಸೇವಾಸಂಸ್ಥೆಗಳು ತಾವೇ ಹೊಣೆ ಹೊತ್ತು ಆ ವರ್ಷದ ಜುಲೈ ತಿಂಗಳಿನಲ್ಲಿ ೧೨೮ ಮಂದಿಯನ್ನು ಕರೆದೊಯ್ದವು. ಸರ್ಕಾರಗಳಿಗೆ ಆಗದ ಕೆಲಸವನ್ನು ಜೋಳಿಗೆ ಹಿಡಿದವರು ಮಾಡಿದರು.

ಆ ಹುಡುಗಿಯರೇ ಮರಳಿದ ವರ್ಷದಲ್ಲಿ ಒಂದು ಸಂಘವನ್ನು ಕಟ್ಟಿಕೊಂಡರು. ಅದಕ್ಕೆ ಅವರು ಇಟ್ಟ ಹೆಸರು ಶಕ್ತಿಸಮೂಹ. ಮಾರಾಟಕ್ಕೊಳಗಾಗಿ ಬದುಕಿ ಬಂದವರೇ ಕಟ್ಟಿ ನಡೆಯಿಸಿದ ಇಂಥ ಸಂಘವು ಅದಕ್ಕೆ ಮೊದಲು ಇರಲಿಲ್ಲ. ಸಂಘವನ್ನು ಕ್ರಮಪ್ರಕಾರ ನೋಂದಾಯಿಸಲು ಮಾತ್ರ ಅವರು ೨೦೦೦ನೆಯ ಇಸವಿಯ ವರೆಗೆ ಕಾಯಬೇಕಾಯಿತು. ಅವರಲ್ಲೊಬ್ಬಳು ತನ್ನನ್ನು ಮಾರಿದವರ ಮೇಲೆ ತಾನೇ ಮುಂದೆ ನಿಂತು ಫಿರ್ಯಾದು ಮಾಡಿ, ೧೯೯೭ರಲ್ಲಿ ಎಂಟು ಮಂದಿಗೆ ಶಿಕ್ಷೆಯಾಗುವಂತೆ ಮಾಡಿದಳು. ೨೦೧೩ರಲ್ಲಿ ಶಕ್ತಿಸಮೂಹಕ್ಕೆ ಮ್ಯಾಗ್ಸೇಸೇ ಪಾರಿತೋಷಕವು ದೊರೆಯಿತು. ಯಾರನ್ನು ತವರು ದೇಶವು ಬಾಗಿಲಲ್ಲಿ ನಿಲ್ಲಿಸಿತ್ತೋ ಅವರೇ ಆ ದೇಶಕ್ಕೆ ಕೀರ್ತಿಯನ್ನು ತಂದರು.

ಇಷ್ಟು ನಡೆದ ಮೇಲೆ ಏಳು ಸರ್ಕಾರಗಳು ಎಚ್ಚತ್ತುವು. ೧೯೯೭ರಲ್ಲಿ ಮಾಲೆಯ ಸಭೆಯಲ್ಲಿ ಒಂದು ಒಡಂಬಡಿಕೆಯಾಗಬೇಕೆಂಬ ಮಾತು ಹುಟ್ಟಿತು. ೧೯೯೮ರಲ್ಲಿ ಕೊಲಂಬೋದಲ್ಲಿ ಬೆಳೆಯಿತು. ೧೯೯೯ರಲ್ಲಿ ಕೂಡಬೇಕಾಗಿದ್ದ ಸಭೆಯು ಪಾಕಿಸ್ತಾನದ ಸೇನಾಕ್ರಾಂತಿಯ ಕಾರಣ ಮುಂದೆ ಹೋಯಿತು. ಕಟ್ಟಕಡೆಗೆ ೨೦೦೨ರ ಜನವರಿ ೫ರಂದು ಕಾಠ್ಮಂಡುವಿನಲ್ಲಿ ಒಡಂಬಡಿಕೆಗೆ ರುಜು ಬಿದ್ದಿತು. ಏಳು ದೇಶಗಳೂ ಅನುಮೋದಿಸಿ ಅದು ಜಾರಿಗೆ ಬಂದುದು ೨೦೦೫ರಲ್ಲಿ. ಮಾತು ಹುಟ್ಟಿದಾಗ ಹತ್ತು ವರ್ಷದವಳಾಗಿದ್ದ ಹುಡುಗಿಯು ಕಾಯಿದೆ ಜಾರಿಗೆ ಬರುವಾಗ ಹದಿನೆಂಟರವಳಾಗಿದ್ದಳು. ಆ ಒಡಂಬಡಿಕೆಯ ಮಾತಿನಲ್ಲಿ ಮಗುವೆನ್ನಿಸಿಕೊಳ್ಳುವ ಯೋಗ್ಯತೆಯೇ ಅವಳಿಗೆ ತಪ್ಪಿಹೋಗಿತ್ತು.

ಆದಾಗ್ಯೂ ಅದನ್ನು ಹಗುರವಾಗಿ ಕಾಣಲಾಗದು. ಅದರಲ್ಲಿ ಒಳ್ಳೆಯ ಅಂಶಗಳಿವೆ. ಮಾರಾಟಕ್ಕೆ ಅವಳೇ ಒಪ್ಪಿದ್ದಳೆಂಬ ಸಬೂಬು ಅಲ್ಲಿ ನಡೆಯದು; ಒಪ್ಪಿದರೂ ಒಪ್ಪದಿದ್ದರೂ ಮಾರಿದುದು ಅಪರಾಧವೇ. ಅಪರಾಧಿಯು ಗಡಿ ದಾಟಿ ಓಡಿದರೆ ಅವನನ್ನು ಒಪ್ಪಿಸಬೇಕು, ಇಲ್ಲವೇ ತಾನೇ ವಿಚಾರಣೆಗೆ ಗುರಿಪಡಿಸಬೇಕು. ಸಾಕ್ಷ್ಯ ಸಂಗ್ರಹದಲ್ಲಿ ಒಂದು ದೇಶವು ಇನ್ನೊಂದಕ್ಕೆ ನೆರವಾಗಬೇಕು. ಬಿಡಿಸಿದವರಿಗೆ ವಸತಿ, ವೈದ್ಯ, ಕಾಯಿದೆಯ ಸಲಹೆಗಳನ್ನು ಒದಗಿಸಿ ಊರಿಗೆ ಮುಟ್ಟಿಸಬೇಕು. ಇದನ್ನೆಲ್ಲ ನೋಡಿಕೊಳ್ಳಲು ಎಲ್ಲ ದೇಶಗಳ ಅಧಿಕಾರಿಗಳಿಂದ ಕೂಡಿದ ಒಂದು ಕಾರ್ಯಪಡೆಯನ್ನೂ ಹೇಳಿದೆ. ಅದು ಮೊದಲ ಸಲ ಕೂಡಿದುದು ೨೦೦೭ರಲ್ಲಿ, ದೆಹಲಿಯಲ್ಲಿ.

ಕೊರತೆಯೆಂದರೆ ಅದರ ಹೆಸರಿನಲ್ಲಿಯೇ ಇದೆ. ಆ ಒಡಂಬಡಿಕೆಯು ವೇಶ್ಯಾವೃತ್ತಿಗಾಗಿ ನಡೆಯುವ ಮಾರಾಟಕ್ಕೆ ಮಾತ್ರ ಸಂಬಂಧಿಸಿದುದು. ಇಟ್ಟಿಗೆಯ ಗೂಡಿಗೆ, ಸರ್ಕಸ್ಸಿನ ಡೇರೆಗೆ, ಕಸೂತಿಯ ಕಾರ್ಖಾನೆಗೆ, ಪಾತ್ರೆಯ ರಾಶಿಯ ಮುಂದಕ್ಕೆ ಮಾರಿದ ಮಗುವು ಅದರ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಸೋದರಿಯ ಬೀದಿಯ ಹುಡುಗಿಗೆ ಏಳು ಸರ್ಕಾರಗಳ ಆ ಹೊತ್ತಗೆಯಲ್ಲಿ ಒಂದು ಸಾಲೂ ಇಲ್ಲ! ವಿಶ್ವಸಂಸ್ಥೆಯು ೨೦೦೦ದ ನವೆಂಬರಿನಲ್ಲಿ ಅಂಗೀಕರಿಸಿದ, ಪಲೆರ್ಮೋ ನಗರದ ಹೆಸರಿನಿಂದ ಕರೆಯುವ ಒಪ್ಪಂದವು ಇದಕ್ಕಿಂತ ವಿಶಾಲವಾದುದು. ಬಲವಂತದ ದುಡಿಮೆ, ದಾಸ್ಯ, ಅಂಗಾಂಗಗಳನ್ನು ತೆಗೆಯುವುದು ಎಲ್ಲವೂ ಅದರಲ್ಲಿ ಅಡಕವಾಗಿವೆ. ಆದರೆ ಭಾರತವು ಅದಕ್ಕೆ ಸೇರಿದುದು ೨೦೧೧ರಲ್ಲಿ, ಬಾಂಗ್ಲಾದೇಶವು ೨೦೧೯ರಲ್ಲಿ, ನೇಪಾಳವು ೨೦೨೦ರಲ್ಲಿ. ಸಾರ್ಕ್ ಸಂಘದ ಮಾತಾದರೋ, ೨೦೧೪ರ ಕಾಠ್ಮಂಡು ಸಭೆಯೇ ಕೊನೆ. ೨೦೧೬ರಲ್ಲಿ ಇಸ್ಲಾಮಾಬಾದಿನಲ್ಲಿ ಕೂಡಬೇಕಾಗಿದ್ದ ಸಭೆಯು ನಿಂತುಹೋದ ಮೇಲೆ ಅದರ ನಾಯಕರು ಒಟ್ಟಿಗೆ ಕುಳಿತಿಲ್ಲ. ದೊಡ್ಡವರು ಮುಖ ತಿರುಗಿಸಿಕೊಂಡರೆ ಹಿತ್ತಿಲ ಬಾಗಿಲಿನ ಕೊಡುಕೊಳ್ಳುವಿಕೆಯೂ ಸೊರಗುವುದು. ಇದು ಸಂಸಾರಸ್ಥರಿಗೆ ನಾನು ಹೇಳಬೇಕಾದ ಸಂಗತಿಯಲ್ಲ.

ಹಾಗೆಂದು ಎಲ್ಲವೂ ನಿಂತಿದೆಯೆಂದು ಹೇಳಿದರೆ ತಪ್ಪಾದೀತು. ಭಾರತವೂ ಬಾಂಗ್ಲಾದೇಶವೂ ಮಾನವ ಸಾಗಾಟವನ್ನು ತಡೆಯುವುದಕ್ಕಾಗಿ ೨೦೧೫ರ ಜೂನ್ ತಿಂಗಳಿನಲ್ಲಿ ಪ್ರತ್ಯೇಕವಾಗಿಯೇ ಒಂದು ಒಪ್ಪಂದವನ್ನು ಮಾಡಿಕೊಂಡವು. ಮನಸ್ಸಿದ್ದರೆ ಏನಾಗಬಲ್ಲುದೆಂಬುದಕ್ಕೆ ನಮ್ಮ ಬೆಂಗಳೂರೇ ನಿದರ್ಶನ. ೨೦೨೧ರ ಮೇ ತಿಂಗಳಿನಲ್ಲಿ, ಕೆಲಸದ ಆಸೆ ತೋರಿಸಿ ಕರೆತಂದ ಬಾಂಗ್ಲಾ ತರುಣಿಯೊಬ್ಬಳನ್ನು ಅವಳ ದೇಶದವರೇ ಘೋರವಾಗಿ ಹಿಂಸಿಸಿ, ಅದರ ಚಿತ್ರವನ್ನು ಜಾಲದಲ್ಲಿ ಹರಿಯಬಿಟ್ಟರು. ವಿವರವು ಮನೆಮಂದಿಯೆಲ್ಲ ಓದುವ ಈ ಪುಟಗಳಿಗೆ ತಕ್ಕುದಲ್ಲ. ಚಿತ್ರವನ್ನು ಕಂಡ ಅಸ್ಸಾಮಿನ ಪೋಲೀಸರು ದುಷ್ಟರ ಮುಖಗಳನ್ನು ಪ್ರಕಟಿಸಿದರು. ಢಾಕಾದ ಪೋಲೀಸರು ಅವರಲ್ಲೊಬ್ಬನ ಮನೆಯನ್ನು ಪತ್ತೆಮಾಡಿದರು. ಬೆಂಗಳೂರಿನ ಪೋಲೀಸರು ಅವರನ್ನು ಹಿಡಿದರು. ಕೇರಳದಲ್ಲಿದ್ದ ತರುಣಿಯನ್ನು ಹುಡುಕಿ ಕರೆತಂದರು. ಢಾಕಾದಲ್ಲಿಯೂ ಆ ಜಾಲದವರನ್ನು ಹಿಡಿಯಲಾಯಿತು. ಒಂದೇ ವರ್ಷದೊಳಗೆ, ೨೦೨೨ರ ಮೇ ತಿಂಗಳಿನಲ್ಲಿ, ಬೆಂಗಳೂರಿನ ನ್ಯಾಯಾಲಯವು ಹನ್ನೊಂದು ಮಂದಿಯನ್ನು ಅಪರಾಧಿಗಳೆಂದು ನಿರ್ಣಯಿಸಿ, ಏಳು ಮಂದಿಗೆ ಆಜೀವ ಕಾರಾಗೃಹವಾಸವನ್ನು ವಿಧಿಸಿತು. ನಾಲ್ಕು ಕಡೆಯ ಪೋಲೀಸರು ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಂಡುದರ ಫಲವದು. ಚಿತ್ರವು ಬಯಲಾಗದೆ ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಮಾತ್ರ ರಾತ್ರಿ ನಿದ್ರೆ ಬಾರದು.

ಇನ್ನು ಸೋದರಿಯ ಪ್ರಶ್ನೆಯ ಗಂಟಿಗೆ ಬರೋಣ. ಊರಿಗೆ ಕಳುಹಿಸಲು ಇಷ್ಟು ತಡವೇಕೆ? ಒಂದು ಕಾಗದವು ನಡೆಯುವ ದಾರಿಯನ್ನು ನೋಡಿರಿ. ಮಗುವು ತನ್ನ ಊರಿನ ಹೆಸರನ್ನು ಹೇಳುವುದು. ಸಮಿತಿಯು ಅದನ್ನು ರಾಜ್ಯದ ಇಲಾಖೆಗೆ ಬರೆಯುವುದು, ಇಲಾಖೆಯು ದೆಹಲಿಗೆ, ದೆಹಲಿಯಿಂದ ಆ ದೇಶದ ರಾಯಭಾರಿಗೆ, ರಾಯಭಾರಿಯಿಂದ ಅವರ ರಾಜಧಾನಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಹಳ್ಳಿಗೆ. ಯಾರೋ ಒಬ್ಬರು ಆ ಮನೆಯ ಬಾಗಿಲನ್ನು ತಟ್ಟಿ, "ಇಂಥ ಮಗಳು ನಿಮಗುಂಟೇ?" ಎಂದು ಕೇಳಬೇಕು. ಉತ್ತರವು ಮತ್ತೆ ಅದೇ ಏಣಿಯನ್ನು ಹತ್ತಿ ಇಳಿದು ಬರಬೇಕು. ಬಾಂಗ್ಲಾದೇಶಕ್ಕಾದರೆ ಪ್ರಯಾಣದ ಪರವಾನಿಗೆಯೂ ಬೇಕು. ಪೇಟ್ರಾಪೋಲ್ ಗಡಿಯಲ್ಲಿ ಕಾವಲುಗಾರರು ಎದುರು ಬದರು ನಿಂತು ಎಣಿಸಿ ಒಪ್ಪಿಸುವರು. ತಿಂಗಳುಗಳು ಕಳೆಯುವವು, ಕೆಲವರಿಗೆ ವರ್ಷಗಳು. ನೇಪಾಳಕ್ಕೆ ರಹದಾರಿ ಬೇಡವೆಂಬುದೇನೋ ನಿಜ. ೧೯೫೦ರ ಕೌಲಿನಿಂದಾಗಿ ಆ ಗಡಿ ತೆರೆದಿದೆ. ಆದರೆ ಮಗುವನ್ನು ಯಾರ ಕೈಗೆ ಒಪ್ಪಿಸಬೇಕೆಂಬುದು ತಿಳಿಯದೆ ರೈಲು ಹತ್ತಿಸಿದರೆ, ಮೊದಲು ಮಾರಿದವನೇ ನಿಲ್ದಾಣದಲ್ಲಿ ಚಿಕ್ಕಪ್ಪನೆಂದು ಬಂದು ನಿಂತಾನು. ಹಾಗೆ ಎರಡನೆಯ ಸಲ ಮಾರಿಹೋದವರುಂಟು. ಆದಕಾರಣ ಸ್ವಲ್ಪ ತಡವು ಅವಶ್ಯವೇ. ಬೇಸರವು ತಡಕ್ಕಲ್ಲ, ಕಾಗದವು ಒಂದೊಂದು ಮೇಜಿನ ಮೇಲೆ ನಿದ್ರಿಸುವುದಕ್ಕೆ.

ಈ ಕಾಗದಗಳ ಸಾಲಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾದುದು ಯಾವುದೆಂದು ಬಲ್ಲಿರಾ? ಶಾಲೆಯ ದಾಖಲಾತಿ ಪುಸ್ತಕ. ನಮ್ಮ ೨೦೧೫ರ ಬಾಲನ್ಯಾಯದ ಕಾಯಿದೆಯಲ್ಲಿಯೂ ಮಗುವಿನ ವಯಸ್ಸಿಗೆ ಶಾಲೆಯು ಕೊಟ್ಟ ಜನ್ಮದಿನದ ಪತ್ರವನ್ನೇ ಮೊದಲು ನೋಡತಕ್ಕದ್ದೆಂದಿದೆ. ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನ. ನಾವು ಮೇಷ್ಟ್ರುಗಳು ಜೂನ್ ತಿಂಗಳ ಗಲಾಟೆಯಲ್ಲಿ, ಮಗ್ಗುಲಲ್ಲಿ ಅಳುವ ಮಕ್ಕಳ ನಡುವೆ, ಅರ್ಧ ಮನಸ್ಸಿನಿಂದ ಬರೆದ ಸಾಲು ಅದು.

ಆ ಪುಸ್ತಕದ ವಿಷಯದಲ್ಲಿ ನನ್ನದೊಂದು ತಪ್ಪುಂಟು. ಇದು ವರೆಗೆ ಈ ಪುಟದಲ್ಲಿ ಹೇಳಿರಲಿಲ್ಲ. ಮೂವತ್ತು ವರ್ಷಗಳ ಹಿಂದೆ ನಾನು ಬಯಲುಸೀಮೆಯ ಒಂದು ಹಳ್ಳಿಯಲ್ಲಿದ್ದೆನು. ಏಳನೆಯ ತರಗತಿಯಲ್ಲಿ ಜಾಣೆಯಾದ ಹುಡುಗಿಯೊಬ್ಬಳಿದ್ದಳು. ಶಬ್ದಗಳ ರೂಪಗಳನ್ನು ಹಾಡಿನಂತೆ ಒಪ್ಪಿಸುವಳು. ಒಂದು ದಿನ ಅವಳ ತಂದೆಯೊಡನೆ ಬಿಳಿಯ ಅಂಗಿಯ ಮನುಷ್ಯನೊಬ್ಬನು ಬಂದು, ಹುಡುಗಿಯನ್ನು ನಗರದಲ್ಲಿ ಓದಿಸುವರೆಂದೂ ವರ್ಗಾವಣೆಯ ಪತ್ರ ಬೇಕೆಂದೂ ಕೇಳಿದನು. ಯಾವ ನಗರ, ಯಾವ ಶಾಲೆ, ನೀನು ಯಾರು ಎಂದು ನಾನು ಕೇಳಲಿಲ್ಲ. ಸಂತೋಷದಿಂದ ರುಜು ಹಾಕಿ, ಅವಳ ತಲೆಯ ಮೇಲೆ ಕೈಯಿಟ್ಟು ಹರಸಿ ಕಳುಹಿಸಿದೆನು. ಮೂರು ತಿಂಗಳ ಮೇಲೆ ತಂದೆಯು ಅಳುತ್ತ ಬಂದನು, ಸುದ್ದಿಯಿಲ್ಲ. ಅವನೊಡನೆ ಠಾಣೆಗೆ ಹೋದೆನು. ಹುಡುಗಿ ಬಸ್ಸು ಹತ್ತಿದುದು ಪಕ್ಕದ ಪಟ್ಟಣದಲ್ಲಿ, ಆದ್ದರಿಂದ ಅಲ್ಲಿಯ ಠಾಣೆಗೆ ಹೋಗಿರೆಂದರು. ಅಲ್ಲಿಗೆ ಹೋದರೆ, ಕಾಣೆಯಾದುದು ಹೊರರಾಜ್ಯದಲ್ಲಿ ಎಂದರು. ಒಂದೇ ದೇಶ, ಒಂದೇ ಜಿಲ್ಲೆ, ಎರಡು ಠಾಣೆಗಳ ನಡುವೆ ಹನ್ನೆರಡು ಮೈಲಿ! ಹುಡುಗಿಯು ಹನ್ನೊಂದು ತಿಂಗಳ ಮೇಲೆ, ಗಡಿಯಾಚೆಯ ನಗರವೊಂದರಿಂದ, ಪುಣ್ಯವಂತರೊಬ್ಬರ ಕೈಹಿಡಿದು ಮರಳಿದಳು. ನಾನು ಕೊಟ್ಟ ಪತ್ರವು ಅವಳ ಗಂಟಿನಲ್ಲಿ ಮಡಿಸಿದಂತೆಯೇ ಇದ್ದಿತು. ಅದನ್ನು ಯಾವ ಶಾಲೆಯೂ ಬಿಚ್ಚಿರಲಿಲ್ಲ. ಅದರಲ್ಲಿದ್ದ ಊರಿನ ಹೆಸರಿನಿಂದಲೇ ಅವಳನ್ನು ಮನೆಗೆ ತಲುಪಿಸಿದರೆಂದು ಆ ಪುಣ್ಯವಂತರು ಹೇಳಿದಾಗ, ನನ್ನ ರುಜುವಿನ ಪಾಪವೂ ಪುಣ್ಯವೂ ಒಂದೇ ಹಾಳೆಯ ಮೇಲಿರುವುದನ್ನು ಕಂಡು ಮೌನವಾದೆನು. ಅವಳು ಮತ್ತೆ ಶಾಲೆಗೆ ಬರಲಿಲ್ಲ. ದಾರಿಯಲ್ಲಿ ಕಂಡರೆ ನಮಸ್ಕರಿಸುವಳು. ನಾನೇ ತಲೆ ತಗ್ಗಿಸುತ್ತಿದ್ದೆನು.

ಈಗ ಕಾಯಿದೆಗಳು ಬದಲಾಗಿವೆ. ಯಾವ ಠಾಣೆಯಾದರೂ ಎಲ್ಲೆಯ ನೆಪವೊಡ್ಡದೆ ಫಿರ್ಯಾದನ್ನು ಬರೆದುಕೊಳ್ಳಲೇಬೇಕು. ಸಾಗಾಟದ ಅಪರಾಧವನ್ನು ೨೦೧೩ರಲ್ಲಿ ವಿಸ್ತಾರವಾಗಿ ನಿರೂಪಿಸಿದರು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೧೪೩ನೆಯ ಕಲಮು ಅದೇ. ಆದರೆ ಗಡಿಯ ಬಳಿ ನಿಂತು ಕಾಯುವುದು ಕಲಮಲ್ಲ, ಮನುಷ್ಯರು.

ಅಂಥವರನ್ನು ಕುರಿತು ಎರಡು ಮಾತು. ನೇಪಾಳೀ ಭಾಷೆಯಲ್ಲಿ ಮೈತಿಯೆಂದರೆ ಮದುವೆಯಾದ ಹೆಣ್ಣಿನ ತವರು. ಅನುರಾಧಾ ಕೊಯಿರಾಲಾ ಎಂಬ ಶಾಲಾಶಿಕ್ಷಕಿಯು ೧೯೯೩ರಲ್ಲಿ ಸ್ಥಾಪಿಸಿದ ಸಂಸ್ಥೆಗೆ ಮೈತಿ ನೇಪಾಳ ಎಂದು ಹೆಸರಿಟ್ಟರು. ೨೦೧೭ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀಯನ್ನು ಕೊಟ್ಟಿತು. ಗಡಿಯ ಹೆಬ್ಬಾಗಿಲುಗಳ ಬಳಿ ಈ ಸಂಸ್ಥೆಯ ಹೆಣ್ಣುಮಕ್ಕಳು ನಿಲ್ಲುವರು. ಅವರಲ್ಲಿ ಕೆಲವರು ತಾವೇ ಒಮ್ಮೆ ಆ ದಾರಿಯಲ್ಲಿ ಮಾರಿಹೋಗಿ ಬಂದವರು. ರಿಕ್ಷಾದಲ್ಲಿ ಗಂಡಸಿನೊಡನೆ ಬರುವ ಹುಡುಗಿಯನ್ನು ಕಂಡರೆ ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಕೇಳುವರು: ಇವನು ನಿನಗೇನಾಗಬೇಕು? ಎಲ್ಲಿಗೆ ಹೊರಟಿರಿ? ಅವನ ತಾಯಿಯ ಹೆಸರೇನು? ಉತ್ತರಗಳು ಹೊಂದದಿದ್ದರೆ ಮನೆಯವರಿಗೆ ದೂರವಾಣಿ ಹೋಗುವುದು. ೨೦೧೫ರ ಏಪ್ರಿಲಿನ ಭೂಕಂಪದಲ್ಲಿ ಸಿಂಧುಪಾಲ್ಚೋಕದಂಥ ಗುಡ್ಡಗಾಡು ಜಿಲ್ಲೆಗಳ ಮನೆಗಳು ಮಣ್ಣಾದಾಗ, ನೆರವಿನ ವೇಷದಲ್ಲಿ ದಳ್ಳಾಳಿಗಳು ಬಂದರು. ಆಗ ಈ ಕಾವಲು ಇಮ್ಮಡಿಯಾಯಿತು. ಭಾರತದ ಕಡೆ ಗಡಿ ಕಾಯುವ ಸಶಸ್ತ್ರ ಸೀಮಾ ಬಲದವರೂ ಕೈಗೂಡಿಸಿದರು.

ಇಲ್ಲಿ ನನ್ನದೊಂದು ಭಿನ್ನಾಭಿಪ್ರಾಯವುಂಟು. ಕಾಪಾಡುವ ನೆಪದಲ್ಲಿ ಹೆಣ್ಣುಮಕ್ಕಳನ್ನು ಮನೆಯಿಂದ ಹೊರಡಲೇ ಬಿಡದಿರುವುದು ಉಪಾಯವಲ್ಲ. ನೇಪಾಳವು ೨೦೧೨ರಲ್ಲಿ, ಮೂವತ್ತು ತುಂಬದ ಹೆಂಗಸರು ಕೊಲ್ಲಿಯ ದೇಶಗಳಿಗೆ ಮನೆಗೆಲಸಕ್ಕೆ ಹೋಗಕೂಡದೆಂದು ನಿಷೇಧಿಸಿತು. ಹೋಗುವುದು ನಿಂತಿತೇ? ಇಲ್ಲ, ಕಾಠ್ಮಂಡುವಿನ ಬದಲು ತೆರೆದ ಗಡಿಯನ್ನು ದಾಟಿ ಭಾರತದ ವಿಮಾನ ನಿಲ್ದಾಣಗಳ ಮೂಲಕ ಹೋದರು, ಲೆಕ್ಕವಿಲ್ಲ, ಕಾಗದವಿಲ್ಲ, ದಳ್ಳಾಳಿಗೇ ಸುಗ್ಗಿ. ದುಡಿಯಲು ಹೊರಟವಳನ್ನು ತಡೆಯುವುದಕ್ಕಿಂತ, ಅವಳು ಹೋಗುವ ಬಾಗಿಲಿನಲ್ಲಿ ಒಂದು ದೀಪವನ್ನು ಹಚ್ಚಿಡುವುದು ಮೇಲು.

ಗಂಡುಮಕ್ಕಳ ತಾಯಂದಿರು ಇದು ತಮಗೆ ಸಂಬಂಧಿಸಿದುದಲ್ಲವೆಂದು ಪುಟವನ್ನು ಮಗುಚಬೇಡಿರಿ. ಓದಿದ ತರುಣರನ್ನೇ ಗಣಕಯಂತ್ರದ ಉದ್ಯೋಗವೆಂದು ಆಗ್ನೇಯ ಏಷ್ಯಾಕ್ಕೆ ಕರೆದೊಯ್ದು, ಕಾಂಬೋಡಿಯಾ ಬರ್ಮಾಗಳ ಕೋಟೆಯಂಥ ಕಟ್ಟಡಗಳಲ್ಲಿ ಕೂಡಿಹಾಕಿ, ವಂಚನೆಯ ಕೆಲಸವನ್ನು ಬಲವಂತದಿಂದ ಮಾಡಿಸುತ್ತಿರುವರು. ಆ ಭಾಗದ ದೇಶಗಳು ೨೦೦೪ರಲ್ಲಿಯೇ ರಂಗೂನಿನಲ್ಲಿ ಆರು ಕೂಡಿ ಒಂದು ಒಪ್ಪಂದವನ್ನೂ, ೨೦೧೫ರಲ್ಲಿ ಕೌಲಾಲಂಪುರದಲ್ಲಿ ಹತ್ತು ಕೂಡಿ ಇನ್ನೊಂದನ್ನೂ ಮಾಡಿಕೊಂಡಿದ್ದವು. ಆದರೂ ಬರ್ಮಾದಲ್ಲಿ ಸರ್ಕಾರದ ಕೈ ತಲುಪದ ಗಡಿಯ ಮೂಲೆಯಲ್ಲಿ ಈ ಅಂಗಡಿಗಳು ಎದ್ದುವು. ೨೦೨೫ರ ಮಾರ್ಚಿಯಲ್ಲಿ ಬಿಡುಗಡೆಯಾದ ನೂರಾರು ಭಾರತೀಯರನ್ನು ಥಾಯ್ಲೆಂಡಿನ ಮೇಸಾಟಿನಿಂದ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಇದನ್ನು ಕುರಿತು ಬರೆಯಲು ಬೇರೊಂದು ಸಂಚಿಕೆಯೇ ಬೇಕು.

ಬೆಂಗಳೂರಿನ ಹುಡುಗಿಯ ಸುದ್ದಿಯನ್ನು ಹೇಳಿ ಮುಗಿಸುವೆನು. ಅವಳ ಹೆಸರನ್ನಾಗಲಿ ಊರನ್ನಾಗಲಿ ಅಚ್ಚು ಮಾಡುವುದು ಕ್ರಮವಲ್ಲ, ಕಾಯಿದೆಯೂ ಒಪ್ಪದು. ಅವಳನ್ನು ಕರೆದೊಯ್ಯುವುದಕ್ಕೆ ಮುಂಚೆ, ಗೂರ್ಖನು ಕೊಟ್ಟ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವಳು ಏನನ್ನೋ ಬರೆದಿದ್ದಳಂತೆ. ಸೋದರಿಯು ಆ ಹಾಳೆಯ ಚಿತ್ರವನ್ನು ತೆಗೆದು, "ನಿಮಗೆ ನಾಗರಿ ಲಿಪಿ ಬರುವುದಷ್ಟೆ, ನೋಡಿರಿ" ಎಂದು ಕಳುಹಿಸಿದರು. ಸೀಸದ ಕಡ್ಡಿಯ ಗುಂಡುಗುಂಡಾದ ಅಕ್ಷರಗಳು. ಮೇಲಿನ ಸಾಲು ಅವಳ ಹೆಸರು. ಕೆಳಗೆ ಶ್ರೀಕಾರ, ಅನಂತರ ದೇವಿಯೊಬ್ಬಳ ಹೆಸರು, ಅದರ ಮುಂದೆ "ಆಧಾರಭೂತ ವಿದ್ಯಾಲಯ, ಕಕ್ಷಾ ೪". ಪ್ರಾಥಮಿಕ ಶಾಲೆಗೆ ಆ ದೇಶದವರು ಇಟ್ಟಿರುವ ಹೆಸರು ಎಷ್ಟು ಗಂಭೀರವಾಗಿದೆ! ಮನೆಯ ವಿಳಾಸವನ್ನು ಅವಳು ಬರೆದಿರಲಿಲ್ಲ; ಶಾಲೆಯದನ್ನು ಬರೆದಿದ್ದಳು. ಓದಿ ಹೇಳಿದೆನು, ಸೋದರಿಯು ಹಾಳೆಯನ್ನು ಸಮಿತಿಗೆ ಒಪ್ಪಿಸಿದರು.

ಮೊನ್ನೆ ಸಾಯಂಕಾಲ ಅವರ ದೂರವಾಣಿ ಬಂದಿತು. ಆ ಗುಡ್ಡದ ಶಾಲೆಯನ್ನು ಕಂಡುಹಿಡಿದರಂತೆ. ಅಲ್ಲಿಯ ಮುಖ್ಯೋಪಾಧ್ಯಾಯರು ಹಳೆಯ ಪುಸ್ತಕವನ್ನು ತೆಗೆದು, ಅವಳ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಎಲ್ಲವನ್ನೂ ನಕಲು ಮಾಡಿ ಮುದ್ರೆಯೊತ್ತಿ ಕಳುಹಿಸಿದ್ದಾರೆ. ತಾಯಿ ಬದುಕಿದ್ದಾಳೆ. ಕಾಗದವು ಕಾಠ್ಮಂಡುವನ್ನು ದಾಟಿ ದೆಹಲಿಗೆ ಬಂದಿದೆ. ಹುಡುಗಿಯು ಹೊರಡುವ ದಿನವು ಇನ್ನೂ ಗೊತ್ತಾಗಿಲ್ಲ.

ಅಧಿಕಮಾಸದ ವಿಚಾರವನ್ನು ಮುಂದಿನ ತಿಂಗಳು ತಪ್ಪದೆ ಬರೆಯುವೆನು.